ತದಡಿಯ ತಾರಿದೋಣಿ

ಕರಾವಳಿಯ ಹೊಳೆಸಾಲಿನವರಿಗೆ ‘ತಾರಿ’ ಎಂಬ ಮಾತು ಹೊಸದಲ್ಲ. ಜನರನ್ನು ದೋಣಿಯಲ್ಲಿ ಹೊಳೆ ದಾಟಿಸುವ ಏರ್ಪಾಡಿಗೆ ಉತ್ತರ ಕನ್ನಡದಲ್ಲಿ ಇರುವ ಹೆಸರದು. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿಯು ಅರಬ್ಬಿ ಸಮುದ್ರವನ್ನು ಸೇರುವೆಡೆ ಉತ್ತರ ದಡದಲ್ಲಿ ತದಡಿ, ದಕ್ಷಿಣ ದಡದಲ್ಲಿ ನದಿಯ ಹೆಸರನ್ನೇ ಹೊತ್ತ ಅಘನಾಶಿನಿ ಗ್ರಾಮ. ಈ ದಡದಿಂದ ಆ ದಡ ಕಣ್ಣಳತೆಯಲ್ಲೇ ಇದೆ. ರಸ್ತೆ ಹಿಡಿದರೆ ಮಾದನಗೇರಿ, ಮಿರ್ಜಾನಗಳನ್ನು ಸುತ್ತಿ 25 ಕಿಲೋಮೀಟರಿಗೂ ಹೆಚ್ಚು. ತಾರಿದೋಣಿಗೆ ಕಾಲು ಗಂಟೆ ಸಾಕಾಗುತ್ತಿತ್ತು. ಗಾಳಿ ಎದುರಾದರೆ ಅರ್ಧ ಗಂಟೆ.

1970ರ ದಶಕದ ಆರಂಭದಲ್ಲಿ ನಮ್ಮ ತಂದೆಯವರು ಶಿಕ್ಷಕರಾಗಿ ಬಯಲುಸೀಮೆಯಿಂದ ತದಡಿಗೆ ವರ್ಗವಾಗಿ ಬಂದಾಗ ನಮಗೆ ಏಳು ವರ್ಷ. ಜೋಳದ ಹೊಲಗಳನ್ನಷ್ಟೇ ಕಂಡಿದ್ದ ಕಣ್ಣುಗಳಿಗೆ ದಿನಕ್ಕೆರಡು ಸಲ ಏರಿ ಇಳಿಯುವ ಹೊಳೆಯೇ ಒಂದು ವಿಸ್ಮಯ. ಭರತವು ದಿನದಿಂದ ದಿನಕ್ಕೆ ಎರಡು ಗಳಿಗೆ, ಎಂದರೆ ಸುಮಾರು 50 ನಿಮಿಷ, ತಡವಾಗುತ್ತ ಹೋಗುವುದೆಂಬುದನ್ನು ನಮಗೆ ಕಲಿಸಿದವನು ತಾರಿಯ ಅಂಬಿಗ. “ನಾಳೆ ತುಸು ತಡೆದು ಬನ್ನಿ ಮಾಸ್ತರರೇ, ಬೇಗ ಬಂದರೆ ಕೆಸರು ತುಳಿಯಬೇಕಾದೀತು” ಎನ್ನುತ್ತಿದ್ದ. ತನ್ನ ಹೆಸರನ್ನೇ ವಚನಗಳಿಗೆ ಅಂಕಿತವಾಗಿಟ್ಟ ಅಂಬಿಗರ ಚೌಡಯ್ಯನವರನ್ನು ಮುಂದೆ ಓದುವಾಗಲೆಲ್ಲ ನಮಗೆ ಕಾಣುತ್ತಿದ್ದುದು ಇವನ ಮುಖವೇ. ಭಾರ ಹೆಚ್ಚಾದರೆ ಎಂಥ ಸಾಹುಕಾರನನ್ನಾದರೂ ದೋಣಿಯಿಂದ ಇಳಿಸಿಬಿಡುವ ನಿಷ್ಠುರಿ ಆತ.

ಇಳಿತದಲ್ಲಿ ಹೊಳೆಯ ನಡುವೆ ಮರಳದಿಬ್ಬಗಳು ತೆರೆದುಕೊಳ್ಳುವುವು. ಹೆಂಗಸರೂ ಮಕ್ಕಳೂ ಅಲ್ಲಿ ಬಳಚು ಹೆಕ್ಕುವರು. ದಡದ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ.

ಬೆಳಗಿನ ತಾರಿಯಲ್ಲಿ ಮೀನು ಮಾರುವ ಹೆಂಗಸರೇ ಬಹುಮಂದಿ. ನಮ್ಮ ತಾಯಿಯವರು ಮೊದಮೊದಲು ಸೆರಗನ್ನು ಮೂಗಿಗೆ ಹಿಡಿದು ದೋಣಿಯ ತುದಿಯಲ್ಲಿ ಕೂರುತ್ತಿದ್ದರು. ಆ ಹೆಂಗಸರು ಕಂಡೂ ಕಾಣದಂತಿರುತ್ತಿದ್ದರು. ಒಂದು ಆಷಾಢದಲ್ಲಿ ನಮ್ಮ ಪುಟ್ಟ ತಮ್ಮನಿಗೆ ಜ್ವರ ನೆತ್ತಿಗೇರಿತು. ಕುಮಟೆಯ ಆಸ್ಪತ್ರೆಗೆ ಒಯ್ಯಲೇಬೇಕು. ನೆರೆಯೂ ಇಳಿತವೂ ಕೂಡಿ ಸೆಳೆಯುವಾಗ ದೋಣಿ ಬಿಟ್ಟರೆ ಅದು ಕಡಲಿನ ಪಾಲು. ಭರತ ತುಂಬಿ ನೀರು ನಿಲ್ಲುವವರೆಗೆ ಕಾಯಲೇಬೇಕೆಂದ ಅಂಬಿಗ. ತಂದೆಯವರು ಅಂಗಲಾಚಿದರೂ ಅಲುಗಲಿಲ್ಲ. ಆ ಎರಡು ತಾಸು ಮೀನಿನ ಹೆಂಗಸೊಬ್ಬಳು ತನ್ನ ಗೊರಬನ್ನು ಮಗುವಿಗೆ ಹೊದಿಸಿ, ತಾನು ಮಳೆಯಲ್ಲಿ ನೆನೆಯುತ್ತ ಕುಳಿತಳು. ನಡುಹೊಳೆಯಲ್ಲಿ ತಾಯಿಯವರ ಕೈ ನಡುಗಿದಾಗ ಮಗುವನ್ನು ಮಡಿಲಿಗೆ ತೆಗೆದುಕೊಂಡವಳೂ ಆಕೆಯೇ. ಅದೇ ಮಡಿಲು, ಅದೇ ಮೀನಿನ ವಾಸನೆ! ತಮ್ಮ ಬದುಕಿ ಉಳಿದ. ಸೆರಗು ಮತ್ತೆಂದೂ ಮೂಗಿಗೆ ಹೋಗಲಿಲ್ಲ. ಶ್ರಾವಣದ ಹೋಳಿಗೆಯಲ್ಲಿ ಮೊದಲ ಪಾಲು ಆಕೆಯ ಮನೆಗೆ ಹೋಗತೊಡಗಿತು.

ಹುಟ್ಟು ಹಾಕುವ ದೋಣಿಗಳ ಎಡೆಗೆ ಮುಂದೆ ಯಂತ್ರದ ದೋಣಿಗಳು ಬಂದವು. 2006ರ ಸುಮಾರಿಗೆ ತದಡಿಯಲ್ಲಿ 4000 ಮೆಗಾವಾಟಿನ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಹುಟ್ಟಿ, ಜನರ ವಿರೋಧವನ್ನು ಕಂಡು, ಕೈಬಿಟ್ಟುಹೋಯಿತು. ಒಳ್ಳೆಯದೇ ಆಯಿತೆಂದು ನಮ್ಮ ಭಾವನೆ. ಬಳಚು, ಕಗ್ಗಗಳು ಬದುಕುವುದು ಸಿಹಿನೀರೂ ಉಪ್ಪುನೀರೂ ಹದವಾಗಿ ಬೆರೆತಾಗ. ದೊಡ್ಡ ಅಣೆಕಟ್ಟಿಲ್ಲದ ಈ ಹೊಳೆ ಆ ಹದವನ್ನು ಕಾದುಕೊಂಡಿದೆ. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ಪ್ರದೇಶವು ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಆ ಸುದ್ದಿಯನ್ನು ಓದಿ ಹೇಳಿದಾಗ ಇಳಿವಯಸ್ಸಿನ ನಮ್ಮ ತಾಯಿಯವರು ಕೇಳಿದ್ದು ಇಷ್ಟೇ: “ಗೊರಬು ಹೊಚ್ಚಿದಾಕಿ ಇನ್ನೂ ಅದಾಳೇನು?”