ಅಂಬೆಗಾಲಿನ ಕೂಸಿಗೆ ಮೆಟ್ಟಿಲ ಬಳಿ ಒಂದು ಗಿಡ್ಡ ಬಾಗಿಲು

ಆಯುರ್ವೇದದ ಎಂಟು ಅಂಗಗಳಲ್ಲಿ ಕೌಮಾರಭೃತ್ಯವೂ ಒಂದು. ಶಿಶುವಿನ ಪಾಲನೆ, ಪೋಷಣೆ, ರೋಗ, ಚಿಕಿತ್ಸೆಗಳನ್ನು ಹೇಳುವ ಶಾಸ್ತ್ರವದು. ಔಷಧವನ್ನು ಯೋಚಿಸುವ ಮೊದಲು ಮನೆಯನ್ನು ನೋಡಬೇಕೆಂಬ ವಿವೇಕ ನಮ್ಮ ಆಚಾರ್ಯರಿಗಿತ್ತು. ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಕುಮಾರಾಗಾರ, ಅಂದರೆ ಮಗು ಬೆಳೆಯುವ ಮನೆ, ಹೇಗಿರಬೇಕೆಂಬ ವರ್ಣನೆ ಬರುತ್ತದೆ. ಅದು ಗಟ್ಟಿಯಾಗಿರಬೇಕು, ಕತ್ತಲಿರಬಾರದು, ಇಲಿಗಳೂ ಕಚ್ಚುವ ಪ್ರಾಣಿಗಳೂ ಒಳನುಗ್ಗಬಾರದು. ನೀರು, ಒರಳು, ಸ್ನಾನ, ಅಡುಗೆಗಳಿಗೆ ಜಾಗ ಗೊತ್ತುಮಾಡಿರಬೇಕು. ಆಟಿಕೆ ಭಾರವಿರಬಾರದು, ಅದರ ಮೊನೆ ಚೂಪಾಗಿರಬಾರದು, ಬಾಯೊಳಗೆ ಹೋಗುವಂತಿರಬಾರದು ಎಂಬಷ್ಟು ಸೂಕ್ಷ್ಮಕ್ಕೂ ಅಲ್ಲಿ ಗಮನ ಹರಿದಿದೆ. ಇಂದಿನ ಮನೆಗಳನ್ನು ನೋಡಿದರೆ ಆ ಪಟ್ಟಿಗೆ ಮೆಟ್ಟಿಲನ್ನು ನಾವೇ ಸೇರಿಸಿಕೊಳ್ಳಬೇಕಾಗಿದೆ.

ಹಿಂದಿನ ಮನೆಗಳಲ್ಲಿ ಪಡಸಾಲೆ, ನಡುಮನೆ, ಅಡುಗೆಮನೆ ಎಲ್ಲವೂ ನೆಲಮಟ್ಟದಲ್ಲಿದ್ದವು. ಅಟ್ಟಕ್ಕೆ ಏಣಿಯಿತ್ತು, ಕೆಲಸ ಮುಗಿದೊಡನೆ ಅದನ್ನು ತೆಗೆದು ಗೋಡೆಗೆ ಮಲಗಿಸುತ್ತಿದ್ದರು. ಅನೇಕ ಮನೆಗಳ ಮುಂಬಾಗಿಲಿಗೆ ಅರ್ಧ ಎತ್ತರದ ಗಿಡ್ಡ ಬಾಗಿಲೊಂದು ಇರುತ್ತಿತ್ತು. ನಾಯಿ ಕೋಳಿ ಒಳಬರದಂತೆ, ಕೂಸು ಹೊರಹೋಗದಂತೆ ತಡೆಯುತ್ತಿದ್ದ ಅದು, ಗಾಳಿ ಬೆಳಕನ್ನು ಮಾತ್ರ ತಡೆಯುತ್ತಿರಲಿಲ್ಲ. ಈಗ ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಮೇಲಕ್ಕೆ ಬೆಳೆದಿದೆ. ನಡುಮನೆಯಿಂದಲೇ ನುಣುಪಾದ ಗ್ರಾನೈಟ್ ಮೆಟ್ಟಿಲುಗಳು ಏರುತ್ತವೆ, ಗಿಡ್ಡ ಬಾಗಿಲು ಮಾಯವಾಗಿದೆ. ಮಗ ಸೊಸೆ ಅದನ್ನೇ ಹೊಸ ರೂಪದಲ್ಲಿ ‘ಸೇಫ್ಟಿ ಗೇಟ್’ ಎಂದು ತರಿಸಿದಾಗ ಹಿರಿಯರಿಗೆ ವಿಚಿತ್ರವೆನಿಸುತ್ತದೆ. “ನಾವು ಆರು ಮಕ್ಕಳನ್ನ ಸಾಕೇವ್ರಿ, ಒಂದು ಗೇಟ್ ಹಾಕಿದ್ದಿಲ್ಲ” ಎಂಬ ಮಾತನ್ನು ನಮ್ಮ ಚಿಕಿತ್ಸಾಲಯದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಮಾತು ಸುಳ್ಳಲ್ಲ. ಆದರೆ ಆ ಆರು ಮಕ್ಕಳ ಸುತ್ತ ಹತ್ತು ಜೋಡಿ ಕಣ್ಣುಗಳಿದ್ದವು. ಬಾವಿಗೆ, ಬಚ್ಚಲ ಹಂಡೆಗೆ, ಒಲೆಯ ಕೆಂಡಕ್ಕೆ ಬಲಿಯಾದ ಕೂಸುಗಳ ಲೆಕ್ಕವನ್ನು ಆಗ ಯಾರೂ ಇಡುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಹುಟ್ಟಿದ ಶಿಶುವಿನ ಉದ್ದದಲ್ಲಿ ಸುಮಾರು ಕಾಲು ಭಾಗ ತಲೆಯೇ ಇರುತ್ತದೆ. ಒಂದೆರಡು ವರ್ಷವಾದರೂ ದೇಹದ ಭಾರ ಮೇಲ್ಭಾಗದಲ್ಲಿಯೇ ಹೆಚ್ಚು. ಹೀಗಾಗಿ ಬಗ್ಗಿ ನೋಡುವ ಕೂಸು ತಲೆಕೆಳಗಾಗಿಯೇ ಉರುಳುತ್ತದೆ. ಮೆಟ್ಟಿಲು ಹತ್ತುವುದು ಅದಕ್ಕೆ ಬೇಗ ಬರುತ್ತದೆ, ಇಳಿಯುವುದು ತಡವಾಗಿ. ಅಂಬೆಗಾಲಿಡುವ ಮೊದಲೇ, ಅಂದರೆ ಆರನೆಯ ತಿಂಗಳ ಹೊತ್ತಿಗೆ, ಗೇಟು ಸಿದ್ಧವಿರಬೇಕೆಂದು ನಾವು ಹೇಳುವುದು ಇದಕ್ಕಾಗಿ.

ಮಾರುಕಟ್ಟೆಯಲ್ಲಿ ಎರಡು ಬಗೆಯ ಗೇಟುಗಳಿವೆ. ಒಂದು, ಎರಡು ಗೋಡೆಗಳ ನಡುವೆ ರಬ್ಬರ್ ತುದಿಯ ಬೋಲ್ಟುಗಳನ್ನು ತಿರುಗಿಸಿ ಒತ್ತಿ ನಿಲ್ಲಿಸುವಂಥದು. ಇನ್ನೊಂದು, ಗೋಡೆಗೆ ಕೊರೆದು ಸ್ಕ್ರೂ ಹಾಕಿ ಬಿಗಿಯುವಂಥದು. ಒತ್ತಿ ನಿಲ್ಲುವುದು ಅಡುಗೆಮನೆಯ ಬಾಗಿಲಿಗೆ, ಎರಡು ಕೋಣೆಗಳ ನಡುವೆ, ಮೆಟ್ಟಿಲಿನ ಬುಡಕ್ಕೆ ಸಾಕು. ಮೆಟ್ಟಿಲಿನ ತಲೆಗೆ ಅದು ಸರ್ವಥಾ ಸಲ್ಲದು. ನುಣುಪಾದ ಕಲ್ಲಿನ ಮೇಲೆ ರಬ್ಬರ್ ಜಾರುತ್ತದೆ, ದಿನ ಕಳೆದಂತೆ ಬೋಲ್ಟು ಸಡಿಲಾಗುತ್ತದೆ. ಕೂಸು ಮೈಯೊಡ್ಡಿದರೆ ಗೇಟು ಕೂಸು ಎರಡೂ ಕೂಡಿಯೇ ಕೆಳಗಿಳಿಯುತ್ತವೆ. ಇಂಥ ಗೇಟಿನ ಬುಡದಲ್ಲಿ ದಾಟಿ ಹೋಗಬೇಕಾದ ಅಡ್ಡಪಟ್ಟಿಯೂ ಇರುತ್ತದೆ. ಮೆಟ್ಟಿಲಿನ ತಲೆಯಲ್ಲಿ ಅದಕ್ಕೆ ಕಾಲು ತಗುಲಿದ ದೊಡ್ಡವರ ಗತಿಯೇನು? ಆದ್ದರಿಂದ ಮೇಲೆ ಸ್ಕ್ರೂ ಬಿಗಿದ ಗೇಟೇ ಬೇಕು. ಅದು ಮಹಡಿಯ ಕಡೆಗೆ ತೆರೆಯಬೇಕು, ಮೆಟ್ಟಿಲಿನ ಮೇಲಕ್ಕೆ ಚಾಚಿಕೊಳ್ಳಬಾರದು.

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಈ ಗೇಟನ್ನು ದಿನಕ್ಕೆ ಇಪ್ಪತ್ತು ಸಲ ತೆರೆದು ಮುಚ್ಚುವವರು ಯಾರು? ಕೆಲವು ವರ್ಷಗಳ ಹಿಂದೆ ಹದಿನಾಲ್ಕು ತಿಂಗಳ ಕೂಸೊಂದನ್ನು ಹಣೆ ಸೀಳಿದ ಸ್ಥಿತಿಯಲ್ಲಿ ನಮ್ಮಲ್ಲಿಗೆ ತಂದಿದ್ದರು. ರಕ್ತ ನಿಲ್ಲುವಂತೆ ಒತ್ತಿ ಕಟ್ಟಿ ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆವು. ಹೊಲಿಗೆ ಬಿದ್ದವು, ಎರಡು ದಿನ ನಿಗಾದಲ್ಲಿಟ್ಟರು, ಕೂಸು ಗುಣವಾಯಿತು. ಆ ಮನೆಯಲ್ಲಿ ಗೇಟು ಇರಲಿಲ್ಲವೆಂದಲ್ಲ, ಬೆಲೆಬಾಳುವ ಗೇಟೇ ಇತ್ತು. ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತಲೇ ಗೇಟನ್ನು ಮೇಲಕ್ಕೆತ್ತಿ ದೂಡಬೇಕಾದ ಬಗೆಯದು. ಸಂಧಿವಾತದಿಂದ ಬೆರಳು ಮಡಿಸಲಾಗದ ಅಜ್ಜಿಗೆ ಅದು ಸಾಧ್ಯವಾಗದೆ, ಹಳೆಯ ಸೀರೆಯ ಅಂಚಿನಿಂದ ಗೋಡೆಯ ಮೊಳೆಗೆ ಕಟ್ಟಿ ಸದಾ ತೆರೆದೇ ಇಟ್ಟಿದ್ದರು. ಸೊಸೆ ಅತ್ತೆಯನ್ನು ದೂಷಿಸಿದಳು. ಅಜ್ಜಿ ಒಂದು ತಿಂಗಳು ಮೊಮ್ಮಗನನ್ನು ಎತ್ತಿಕೊಳ್ಳಲಿಲ್ಲವೆಂದು ಆಮೇಲೆ ತಿಳಿಯಿತು. ನಮ್ಮ ದೃಷ್ಟಿಯಲ್ಲಿ ತಪ್ಪು ಅಜ್ಜಿಯದಲ್ಲ. ಹಗಲೆಲ್ಲ ಕೂಸನ್ನು ನೋಡಿಕೊಳ್ಳುವ ಕೈಗಳನ್ನು ಕೇಳದೆ ಗೇಟನ್ನು ಆರಿಸಿದ್ದೇ ತಪ್ಪು. ಅಂಗಡಿಗೆ ಹೋಗುವಾಗ ಅತ್ತೆಯವರನ್ನು, ಅಜ್ಜನವರನ್ನು ಜೊತೆಗೆ ಕರೆದೊಯ್ಯಿರಿ. ಒಂದು ತೋಳಿನಲ್ಲಿ ಕೂಸನ್ನು ಹೊತ್ತಂತೆ ಭಾರದ ಚೀಲ ಹಿಡಿದು, ಇನ್ನೊಂದೇ ಕೈಯಿಂದ ಅವರು ಆ ಚಿಲಕವನ್ನು ತೆಗೆದು ಹಾಕಲಿ. ಅವರಿಗೆ ಬಾರದಿದ್ದರೆ ಆ ಗೇಟು ಬೇಡ. ತೆರೆಯಲಾಗದೆ ಸೀರೆ, ಪಂಚೆ ಎತ್ತಿಕೊಂಡು ಗೇಟಿನ ಮೇಲಿಂದ ಕಾಲು ಹಾಕಿ ದಾಟುವುದಂತೂ ಮಂಡಿನೋವಿನವರಿಗೆ ಸೊಂಟ ಮುರಿಯುವ ದಾರಿ.

ತಾಲ್ಲೂಕು ಊರುಗಳಲ್ಲಿರುವವರು ಬಡಗಿಯಿಂದಲೋ ವೆಲ್ಡಿಂಗ್ ಅಂಗಡಿಯಲ್ಲೋ ಗೇಟು ಮಾಡಿಸುವುದು ರೂಢಿ. ನಮಗೆ ಅದೇ ಮೆಚ್ಚು, ಏಕೆಂದರೆ ಅಳತೆ ನಮ್ಮ ಮೆಟ್ಟಿಲಿಗೇ ಸರಿಹೊಂದುತ್ತದೆ. ಆದರೆ ವೆಲ್ಡಿಂಗ್ ಮಾಡುವವರಿಗೆ ಕಾಂಪೌಂಡ್ ಗೇಟಿನ ಅಭ್ಯಾಸ. ಮೇಲೆ ಈಟಿಯ ಮೊನೆ, ನಡುವೆ ಬಳ್ಳಿ ಹೂವು ಬೆಸೆದುಬಿಡುತ್ತಾರೆ. ಸರಳುಗಳು ನೇರವಾಗಿ ನಿಂತಿರಲಿ, ಮೇಲೆ ಕೆಳಗೆ ಹೊರತು ನಡುವೆ ಅಡ್ಡಪಟ್ಟಿ ಬೇಡವೆಂದು ಖಡಾಖಂಡಿತವಾಗಿ ಹೇಳಬೇಕು. ಅಡ್ಡಪಟ್ಟಿ ಕೂಸಿಗೆ ಏಣಿಯಾಗುತ್ತದೆ. ಎರಡು ವರ್ಷದ ಮಗು ಸುಮಾರು 85 ಸೆಂಟಿಮೀಟರ್ ಎತ್ತರವಿರುತ್ತದೆ. ಗೇಟು ಮಗುವಿನ ಎತ್ತರದ ಮುಕ್ಕಾಲು ಪಾಲಿಗಿಂತ ಕಡಿಮೆಯಿರಬಾರದು. ಎರಡೂವರೆ ಅಡಿ ಮಾಡಿಸಿದರೆ ಚಿಂತೆಯಿಲ್ಲ, ಹಿರಿಯರು ಚಿಲಕಕ್ಕಾಗಿ ಹೆಚ್ಚು ಬಗ್ಗಬೇಕಾಗಿಯೂ ಇಲ್ಲ. ಸರಳುಗಳ ನಡುವಿನ ಸಂದು 6 ಸೆಂಟಿಮೀಟರ್ ಮೀರಬಾರದು. ಮೀರಿದರೆ ಮೈ ತೂರಿ ತಲೆ ಸಿಕ್ಕಿಕೊಳ್ಳುವ ಭಯ. ಅಳತೆಪಟ್ಟಿ ಇಲ್ಲವೆಂದರೆ ಹುಡುಗರು ಕ್ರಿಕೆಟ್ ಆಡುವ ಟೆನ್ನಿಸ್ ಚೆಂಡನ್ನು ತನ್ನಿರಿ. ಅದು ಸಂದಿನಲ್ಲಿಯಾಗಲಿ ಗೇಟಿನ ಕೆಳಗಾಗಲಿ ತೂರಬಾರದು. ಮಡಚಿ ಹಿಗ್ಗುವ, ಅಂಗಡಿಗಳ ಚಾನೆಲ್ ಗೇಟಿನಂಥದನ್ನು ಕೂಸಿರುವಲ್ಲಿ ಹಾಕಬೇಡಿರಿ. ಅದರ ಕತ್ತರಿಯಲ್ಲಿ ಬೆರಳು, ವಜ್ರಾಕಾರದ ಕಿಂಡಿಯಲ್ಲಿ ಕುತ್ತಿಗೆ ಸಿಕ್ಕುತ್ತದೆ.

ಬಣ್ಣದ ಬಗ್ಗೆಯೂ ಒಂದು ಮಾತು. ಹಲ್ಲು ಬರುವ ಕೂಸು ಗೇಟಿನ ಮೇಲ್ಪಟ್ಟಿಯನ್ನು ಕಚ್ಚದೆ ಬಿಡುವುದಿಲ್ಲ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅಟ್ಟದ ಮೇಲೆ ಉಳಿದ ಹಳೆಯ ಡಬ್ಬಿಯ ಬಣ್ಣವನ್ನು ಗೇಟಿಗೆ ಬಳಿಯುವ ಮಿತವ್ಯಯ ಬೇಡ. ಸೀಸ ಬೆಳೆಯುವ ಮಿದುಳಿಗೆ ವಿಷ.

ಗೋಡೆಗೆ ಬಿಗಿಯುವಾಗ ಸ್ಕ್ರೂ ಗಿಲಾವಿನಲ್ಲಿಯೇ ನಿಂತರೆ ಉಪಯೋಗವಿಲ್ಲ, ಅದನ್ನು ದಾಟಿ ಇಟ್ಟಿಗೆಯೊಳಕ್ಕೆ ಇಳಿಯಬೇಕು. ಪ್ಲಗ್ ಹಾಕದೆ ಬರಿಯ ಸ್ಕ್ರೂ ಹೊಡೆದರೆ ತಿಂಗಳೊಪ್ಪತ್ತಿನಲ್ಲಿ ಕಿತ್ತು ಬರುತ್ತದೆ. ಮಣ್ಣಿನ ಗೋಡೆಯ ಹಳೆಯ ಮನೆಯಾದರೆ ಗೋಡೆಯನ್ನು ನಂಬದೆ, ನೆಲದಿಂದ ನಿಲ್ಲಿಸಿದ ಗಟ್ಟಿ ಮರದ ಕಂಬಕ್ಕೆ ಬಿಜಾಗರಿ ಕೂಡಿಸಬೇಕು. ಒಂದು ಬದಿ ಗೋಡೆ, ಇನ್ನೊಂದು ಬದಿ ಸ್ಟೀಲ್ ರೇಲಿಂಗ್ ಇರುವಲ್ಲಿ ಕಂಬಕ್ಕೆ ಬಿಗಿಯುವ ಕ್ಲ್ಯಾಂಪ್ ಸಿಗುತ್ತದೆ. ಆ ರೇಲಿಂಗಿನ ಸಂದುಗಳಲ್ಲಿಯೂ ಚೆಂಡನ್ನು ತೂರಿಸಿ ನೋಡಿರಿ. ಗೇಟನ್ನು ಭದ್ರಗೊಳಿಸಿ ಪಕ್ಕದ ರೇಲಿಂಗನ್ನು ಬಯಲು ಬಿಟ್ಟ ಮನೆಗಳು ಬಹಳ. ಕೆಲಸ ಮುಗಿದ ಮೇಲೆ ಮನೆಯ ಗಟ್ಟಿಗರೊಬ್ಬರು ಮೊಣಕಾಲಿನಿಂದ ಜೋರಾಗಿ ದೂಡಲಿ. ಅಲುಗಿದರೆ ಕೆಲಸದವರನ್ನು ಹಣ ಕೊಡುವ ಮುಂಚೆಯೇ ಮತ್ತೆ ಕರೆಯಿರಿ.

ಬಚ್ಚಲುಮನೆಗೆ ಗೇಟಲ್ಲ, ಹೊರಚಿಲಕವೇ ಬೇಕು. ಒಂದು ಗೇಣು ನೀರಿರುವ ಬಕೆಟ್ಟಿನಲ್ಲಿ ಕೂಸು ಸದ್ದಿಲ್ಲದೆ ಮುಳುಗಬಲ್ಲದು. ಗಾಲಿಯ ವಾಕರನ್ನು ಕೊಳ್ಳದಿದ್ದರೆ ಇನ್ನೂ ಒಳಿತು. ಕೆನಡಾ ದೇಶ 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿತು. ಮೆಟ್ಟಿಲಿನಿಂದ ಉರುಳುವುದೇ ಅದಕ್ಕೆ ಮುಖ್ಯ ಕಾರಣ.

ಇಷ್ಟರ ಮೇಲೂ ಕೂಸು ಬಿದ್ದರೆ? ಬುಗುಟಿಗೆ ತಣ್ಣೀರಿನ ಬಟ್ಟೆ ಸಾಕು. ಎಣ್ಣೆ ತಿಕ್ಕುವುದು, ನೆತ್ತಿ ಒತ್ತುವುದು, ಬಜೆ ತೇಯ್ದು ನೆಕ್ಕಿಸುವುದು ಕೂಡದೆಂದು ಆಯುರ್ವೇದ ವೈದ್ಯರಾಗಿಯೇ ಹೇಳುತ್ತೇವೆ. ಪ್ರಜ್ಞೆ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರಾದರೆ, ಸೆಳೆತ ಬಂದರೆ, ಕಿವಿ ಮೂಗಿನಿಂದ ರಕ್ತವೋ ನೀರಿನಂಥ ದ್ರವವೋ ಸೋರಿದರೆ ತಡಮಾಡದೆ 108ಕ್ಕೆ ಕರೆಮಾಡಿರಿ. ಒಂದು ವರ್ಷದೊಳಗಿನ ಕೂಸಿನ ತಲೆಗೆ ಪೆಟ್ಟಾದರೆ ಈ ಲಕ್ಷಣಗಳಿಗೆ ಕಾಯದೆ ವೈದ್ಯರಿಗೆ ತೋರಿಸಬೇಕು.

ಮಗುವಿಗೆ ಎರಡು ವರ್ಷ ತುಂಬಿದ ಮೇಲೆ, ಅಥವಾ ಅದಕ್ಕೂ ಮೊದಲೇ ಅದು ಗೇಟು ಹತ್ತಲು, ಚಿಲಕ ತೆಗೆಯಲು ಕಲಿತರೆ, ಗೇಟನ್ನು ಬಿಚ್ಚಿಬಿಡಬೇಕು. ಹತ್ತಿ ಬೀಳುವ ಗೇಟು ಬರಿಯ ಮೆಟ್ಟಿಲಿಗಿಂತ ಕೇಡು. ಅಷ್ಟರೊಳಗೆ ಕೆಳಗಿನ ಎರಡು ಮೆಟ್ಟಿಲುಗಳಲ್ಲಿ ಹಿಮ್ಮುಖವಾಗಿ, ಹೊಟ್ಟೆಯ ಮೇಲೆ ಜಾರುತ್ತ ಇಳಿಯುವುದನ್ನು ಅಜ್ಜನೋ ಅಜ್ಜಿಯೋ ಪಕ್ಕದಲ್ಲಿ ಕುಳಿತು ಕಲಿಸಲಿ. ಬಿಚ್ಚಿದ ಗೇಟನ್ನು ಬಳಗದವರಿಗೆ ಕೊಡುವಾಗ ಸ್ಕ್ರೂ, ಬಿಜಾಗರಿ, ಚಿಲಕದ ಸ್ಪ್ರಿಂಗುಗಳನ್ನು ಒಂದು ಚೀಲದಲ್ಲಿ ಹಾಕಿ ಗೇಟಿಗೇ ಕಟ್ಟಿ ಕೊಡಿರಿ.