ಬಾವಿಯಿಂದ ನದೀಮೂಲದವರೆಗೆ: ಬೆಳಗಾವಿ–ಖಾನಾಪುರ ಪರಂಪರೆಯ ರಕ್ಷಣೆಯಲ್ಲಿ ಉದ್ಯಮಿಗಳ ಪಾತ್ರ

ಯಾವುದೇ ನಗರದ ವಾಣಿಜ್ಯಾಭಿವೃದ್ಧಿಗೆ ರಸ್ತೆ, ರೈಲು ಹಾಗೂ ವಿದ್ಯುತ್ತಿನಷ್ಟೇ ಅಗತ್ಯವಾದದ್ದು ನೀರು. ಬೆಳಗಾವಿ ನಗರಕ್ಕೆ ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯದಿಂದಲೂ ಘಟಪ್ರಭೆಯ ಹಿಡಕಲ್ ಜಲಾಶಯದಿಂದಲೂ ನೀರು ಪೂರೈಕೆಯಾಗುತ್ತದೆ. ದಕ್ಷಿಣಕ್ಕೆ ಸುಮಾರು 25 ಕಿ.ಮೀ. ದೂರದ ಖಾನಾಪುರದ ಅರಣ್ಯಪ್ರದೇಶವಾದರೋ ಮಲಪ್ರಭೆ ಮತ್ತು ಮಹದಾಯಿ ಎಂಬ ಎರಡು ನದಿಗಳ ತವರು. ಈ ಭಾಗದ ಹಳೆಯ ಬಾವಿ, ಕೆರೆ, ಗುಡಿ, ಕಾಡುದಾರಿಗಳನ್ನು ಉಳಿಸುವ ಕಾರ್ಯದಲ್ಲಿ ಸರಕಾರದೊಡನೆ ಜನಸಮುದಾಯವೂ ಕೈಜೋಡಿಸಿದೆ. ಇದರಲ್ಲಿ ವ್ಯಾಪಾರಿಗಳ ಹಾಗೂ ಸಣ್ಣ ಉದ್ಯಮಿಗಳ ಹಿತವೂ ಅಡಗಿರುವುದರಿಂದ ವಿಷಯವನ್ನು ಸಂಕ್ಷಿಪ್ತವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ನಗರದ ಬಾವಿಗಳು

1924ರ ಡಿಸೆಂಬರ್ ತಿಂಗಳಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನವು ಬೆಳಗಾವಿಯಲ್ಲಿ ಜರುಗಿತು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಸೇರಿದ ಜನಸ್ತೋಮಕ್ಕೆ ನೀರೊದಗಿಸಲು ಟಿಳಕವಾಡಿಯಲ್ಲಿ ತೋಡಿಸಿದ ಬಾವಿಗೆ 'ಪಂಪಾ ಸರೋವರ'ವೆಂದು ಹೆಸರಿಡಲಾಯಿತು. ಇಂದಿಗೂ ಜನರು ಅದನ್ನು ಕಾಂಗ್ರೆಸ್ ಬಾವಿಯೆಂದೇ ಕರೆಯುತ್ತಾರೆ, ಪಕ್ಕದಲ್ಲಿ ವೀರಸೌಧವಿದೆ.

ನಗರದ ಗಲ್ಲಿಗಳಲ್ಲಿ ಇಂತಹ ಹಳೆಯ ತೆರೆದ ಬಾವಿಗಳು ಇನ್ನೂ ಅನೇಕ. ಮನೆಮನೆಗೆ ನಳ ಬಂದ ಮೇಲೆ ಇವು ಕಸ ಎಸೆಯುವ ತಾಣಗಳಾದವು. 1990ರ ದಶಕದ ನೀರಿನ ಅಭಾವವು ನಮ್ಮ ಕಣ್ಣು ತೆರೆಸಿತು. ಹೂಳೆತ್ತಿ, ಶುಚಿಗೊಳಿಸಿ, ಪಂಪು ಜೋಡಿಸಿದಾಗ ಇವೇ ಬಾವಿಗಳು ಮತ್ತೆ ನೀರು ಕೊಟ್ಟವು. ಬಳಕೆಯಲ್ಲಿರುವ ಬಾವಿ ಶುದ್ಧವಾಗಿರುತ್ತದೆ. ಕೈಬಿಟ್ಟ ಬಾವಿ ಸುತ್ತಲಿನ ಅಂತರ್ಜಲವನ್ನೂ ಕೆಡಿಸುತ್ತದೆ. ದೂರದಿಂದ ಪಂಪು ಮಾಡಿ ತರುವ ನೀರಿಗೆ ವಿದ್ಯುತ್ತಿನ ವೆಚ್ಚ ತಗಲುತ್ತದೆ; ಅಂಗಳದ ಬಾವಿಯಲ್ಲಿ ಆ ವೆಚ್ಚ ಅತ್ಯಲ್ಪ. ನಗರದ ಪ್ಯಾಸ್ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯು ಉದ್ಯಮಗಳ ನೆರವು ಪಡೆದು ಜಿಲ್ಲೆಯ ಕೆರೆ–ಬಾವಿಗಳ ಪುನರುಜ್ಜೀವನದಲ್ಲಿ ತೊಡಗಿರುವುದು ಅನುಕರಣೀಯ.

ಮಲಪ್ರಭೆಯ ತವರು

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಹಬ್ಬನಹಟ್ಟಿ, ಅಸೋಗಾ, ಖಾನಾಪುರಗಳ ಮಾರ್ಗವಾಗಿ ಹರಿದು, ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯವನ್ನು ತುಂಬಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಹುಬ್ಬಳ್ಳಿ–ಧಾರವಾಡದ ಕುಡಿಯುವ ನೀರು, ನರಗುಂದ–ನವಲಗುಂದದ ಕಾಲುವೆಗಳು ಎಲ್ಲವೂ ಈ ಜಲಾಶಯವನ್ನೇ ಅವಲಂಬಿಸಿವೆ. ಮಹದಾಯಿ ಜಲವಿವಾದ ನ್ಯಾಯಾಧಿಕರಣವು 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ ಹಂಚಿದ 13.42 ಟಿ.ಎಂ.ಸಿ. ನೀರಿನಲ್ಲಿ 3.90 ಟಿ.ಎಂ.ಸಿ. ಕಳಸಾ–ಬಂಡೂರಿ ನಾಲೆಗಳ ಮೂಲಕ ಮಲಪ್ರಭೆಗೆ ತಿರುಗಿಸುವುದಕ್ಕೆ ಮೀಸಲು. ಕಾಲುವೆಯ ಪ್ರಶ್ನೆ ಯಾವ ರೀತಿಯಲ್ಲೇ ಇತ್ಯರ್ಥವಾಗಲಿ, ನದೀಮೂಲದ ಕಾಡು ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಬಿಟ್ಟುಕೊಡದಿದ್ದರೆ ಕಾಲುವೆಯಿಂದಾಗಲಿ ಜಲಾಶಯದಿಂದಾಗಲಿ ಪೂರ್ಣ ಪ್ರಯೋಜನವಿಲ್ಲ. ಕಾಡು ತೆಳುವಾದಂತೆ ಮಣ್ಣು ಕೊಚ್ಚಿಹೋಗಿ ಜಲಾಶಯದಲ್ಲಿ ಹೂಳು ತುಂಬುವುದು.

ಈ ಕಾಡಿನ ಸುಮಾರು 190 ಚದರ ಕಿ.ಮೀ. ಪ್ರದೇಶವನ್ನು 2011ರಲ್ಲಿ ಭೀಮಗಡ ವನ್ಯಜೀವಿ ಅಭಯಾರಣ್ಯವೆಂದು ಘೋಷಿಸಲಾಯಿತು. ಇಲ್ಲಿಯ ಬಾರಾಪೇಡೆ ಗುಹೆಗಳಲ್ಲಿ ವಾಸಿಸುವ, 1913ರಲ್ಲಿ ವಿಜ್ಞಾನಿಗಳು ಹೆಸರಿಸಿದ ರಾಟನ್ ಬಾವಲಿಗೆ ಜಗತ್ತಿನಲ್ಲಿ ಇದೊಂದೇ ನೆಲೆಯೆಂದು ಬಹುಕಾಲ ನಂಬಲಾಗಿತ್ತು. ತರುವಾಯ ಮೇಘಾಲಯ ಹಾಗೂ ಕಾಂಬೋಡಿಯಾಗಳಲ್ಲಿಯೂ ಅದು ಕಂಡುಬಂದಿದೆ.

ದಾರಿಗಳು, ಗುಡಿಗಳು, ಕುಶಲಕಲೆ

ಪ್ರಾಚೀನ ಕದಂಬರ 'ಪಲಾಶಿಕಾ' ಇಂದಿನ ಹಲಸಿ. ಅಲ್ಲಿ ಭೂವರಾಹ ನರಸಿಂಹ ದೇವಾಲಯವಿದೆ. ದೇಗಾಂವಿಯ ಕಮಲನಾರಾಯಣ ದೇವಾಲಯವು ಗೋವೆಯ ಕದಂಬರ ಕಾಲದ, 12ನೆಯ ಶತಮಾನದ ಕೃತಿ. ನಂದಗಡವು 1831ರಲ್ಲಿ ಸಂಗೊಳ್ಳಿ ರಾಯಣ್ಣ ನೇಣುಗಂಬವೇರಿದ ಪುಣ್ಯಭೂಮಿ. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಯು ರಟ್ಟರ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ್ದು. ಇವೆಲ್ಲವನ್ನೂ ಒಂದೆರಡು ದಿನಗಳಲ್ಲಿ ನೋಡಿಬರಬಹುದು. ಹೆಮ್ಮಡಗಾದಲ್ಲಿ ಅರಣ್ಯ ಇಲಾಖೆಯ ನಿಸರ್ಗ ಶಿಬಿರವೂ ಇದೆ.

ಅಮೆರಿಕದಲ್ಲಿ 1825ರಲ್ಲಿ ಸರಕು ಸಾಗಣೆಗಾಗಿ ತೆರೆದ ಈರೀ ಕಾಲುವೆಯ ಪ್ರದೇಶವನ್ನು 2000ದಲ್ಲಿ ರಾಷ್ಟ್ರೀಯ ಪಾರಂಪರಿಕ ವಲಯವೆಂದು ಮಾನ್ಯ ಮಾಡಲಾಯಿತು. ಇಂದು ಅದರ ದಂಡೆಯ ದಾರಿಯಲ್ಲಿ ನಡೆಯುವವರೂ ಸೈಕಲ್ ಸವಾರರೂ ಸಣ್ಣ ಊರುಗಳ ಅಂಗಡಿಗಳಿಗೆ ಗಿರಾಕಿಗಳಾಗಿದ್ದಾರೆ. ನಮ್ಮಲ್ಲಿಯೂ ಖಾನಾಪುರದ ಕುಂಬಾರಿಕೆ ಹಾಗೂ ಹಂಚು, ಕಾಡಂಚಿನ ಗೋಡಂಬಿ ಹಾಗೂ ಜೇನು, ಬೆಳಗಾವಿಯ ಕುಂದಾ ಇವುಗಳಿಗೆ ಪ್ರವಾಸಿಗರು ಸಹಜವಾದ ಮಾರುಕಟ್ಟೆಯಾಗಬಲ್ಲರು. ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವುದು ಅನುಕೂಲ. ಆದರೆ ಜಲಪಾತಗಳಿಗೆ ಅಂಕೆಯಿಲ್ಲದ ಜನಸಂದಣಿ, ಬಾಟಲಿ–ಪ್ಲಾಸ್ಟಿಕ್ಕಿನ ರಾಶಿ, ಮಳೆಗಾಲದ ಸಾವುನೋವುಗಳು ಬಂದ ಲಾಭವನ್ನೇ ನುಂಗಿಹಾಕುತ್ತವೆ.

ತಿಳಿದಿರಬೇಕಾದ ಕಾನೂನು

1. ಕಂಪನಿ ಕಾಯಿದೆ 2013ರ 135ನೆಯ ಕಲಮಿನಂತೆ, ಹಿಂದಿನ ಆರ್ಥಿಕ ವರ್ಷದಲ್ಲಿ 500 ಕೋಟಿ ರೂ. ನಿವ್ವಳ ಮೌಲ್ಯ, 1,000 ಕೋಟಿ ರೂ. ವಹಿವಾಟು ಅಥವಾ 5 ಕೋಟಿ ರೂ. ನಿವ್ವಳ ಲಾಭ, ಇವುಗಳಲ್ಲೊಂದನ್ನು ಮುಟ್ಟಿದ ಕಂಪನಿಯು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು. ಪರಿಸರ ಹಾಗೂ ನೈಸರ್ಗಿಕ ಸಂಪತ್ತಿನ ರಕ್ಷಣೆ, ಐತಿಹಾಸಿಕ ತಾಣಗಳ ಜೀರ್ಣೋದ್ಧಾರ, ಸಾಂಪ್ರದಾಯಿಕ ಕುಶಲಕಲೆಗಳು ಕಾಯಿದೆಯ 7ನೆಯ ಅನುಸೂಚಿಯಲ್ಲಿ ಸೇರಿವೆ.

2. ಪಾಲುದಾರಿಕೆ ಹಾಗೂ ಏಕವ್ಯಕ್ತಿ ಸಂಸ್ಥೆಗಳಿಗೆ ಈ ಕಡ್ಡಾಯವಿಲ್ಲ. ಅವರು ಸ್ವಇಚ್ಛೆಯಿಂದ ದೇಣಿಗೆ ನೀಡುವ ಮುನ್ನ ಸಂಸ್ಥೆಗೆ ಆದಾಯ ತೆರಿಗೆ ಮಾನ್ಯತೆ ಇದೆಯೇ, ತಾವು ಆಯ್ದುಕೊಂಡ ತೆರಿಗೆ ಪದ್ಧತಿಯಲ್ಲಿ ರಿಯಾಯಿತಿ ದೊರೆಯುವುದೇ ಎಂದು ಲೆಕ್ಕಪರಿಶೋಧಕರಲ್ಲಿ ವಿಚಾರಿಸುವುದು ಒಳಿತು.

3. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರ್‌ವರೆಗೆ ಪೂರ್ವಾನುಮತಿ ಬೇಕು. ಸ್ಮಾರಕಗಳ ಆಸುಪಾಸಿನಲ್ಲಿ ಅಂಗಡಿ ಅಥವಾ ವಸತಿಗೃಹ ಕಟ್ಟುವವರು ಇದನ್ನು ಮರೆಯಬಾರದು.

ಮಾಡಬಹುದಾದದ್ದು

ಒಂದು ವ್ಯಾಪಾರಿ ಗಲ್ಲಿಯವರು ಒಟ್ಟಾಗಿ ಒಂದು ಬಾವಿಯ ಪಾಲನೆಯನ್ನು ವಹಿಸಿಕೊಳ್ಳುವುದು ದೊಡ್ಡ ಭಾರವಲ್ಲ. ಕಾರ್ಖಾನೆಯ ಛಾವಣಿಯ ಮಳೆನೀರನ್ನು ಸೋಸಿ ಇಂಗಿಸಿದರೆ ಪಕ್ಕದ ಬಾವಿಗಳಿಗೂ ಜೀವ ಬರುವುದು. ಉಡುಗೊರೆಗೆ ಖಾನಾಪುರದ ಮಣ್ಣಿನ ಪಾತ್ರೆಗಳನ್ನು ಕೊಂಡರೆ ಕುಂಬಾರನ ತಿಗರಿ ನಿಲ್ಲದು. ಫಲಕ, ಕಸದ ಬುಟ್ಟಿ, ಸ್ಥಳೀಯ ಯುವಕರಿಗೆ ಮಾರ್ಗದರ್ಶಿ ತರಬೇತಿ ಇವುಗಳಿಗೆ ಬೇಕಾಗುವ ಹಣ ಅಲ್ಪ. ಆದರೆ ಕಾಡಿನೊಳಗೆ ಯಾವುದೇ ಕಾರ್ಯಕ್ಕೂ ಅರಣ್ಯ ಇಲಾಖೆಯ ಅನುಮತಿ ಅವಶ್ಯಕ.

ಬಂಡವಾಳವನ್ನು ಕರಗಿಸಿ ಬಾಳುವವನು ವ್ಯಾಪಾರಿಯಲ್ಲ. ಕಣಕುಂಬಿಯ ಕಾಡೂ ಟಿಳಕವಾಡಿಯ ಬಾವಿಯೂ ಹಿರಿಯರು ನಮಗೆ ಬಿಟ್ಟುಹೋದ ಬಂಡವಾಳ. ಅದರ ಬಡ್ಡಿಯಲ್ಲಿ ಬಾಳಿ, ಅಸಲನ್ನು ಮುಂದಿನವರಿಗೆ ಒಪ್ಪಿಸುವುದು ನಮ್ಮ ವೃತ್ತಿಧರ್ಮಕ್ಕೆ ತಕ್ಕದ್ದು. ಸದಸ್ಯ ಬಂಧುಗಳು ಈ ದಿಶೆಯಲ್ಲಿ ಚಿಂತಿಸುವರೆಂದು ಆಶಿಸೋಣ.