ಪಿಕಪ್ ವಾಹನಕ್ಕೆ ದೊಡ್ಡ ಟಯರ್: ಅಳತೆ, ಭಾರ ಮತ್ತು ಲೆಕ್ಕ

ಸ್ವಂತ ಸರಕು ಸಾಗಣೆಗೆ ಪಿಕಪ್ ವಾಹನವನ್ನು ಇಟ್ಟುಕೊಳ್ಳುವುದು ಇಂದು ವರ್ತಕರಲ್ಲಿಯೂ ಸಣ್ಣ ಉದ್ದಿಮೆದಾರರಲ್ಲಿಯೂ ಸಾಮಾನ್ಯ ಸಂಗತಿಯಾಗಿದೆ. ಎ.ಪಿ.ಎಂ.ಸಿ. ಪ್ರಾಂಗಣದಿಂದ ಗೋದಾಮಿಗೆ, ಕಾರ್ಖಾನೆಯಿಂದ ಗಿರಾಕಿಯ ಬಾಗಿಲಿಗೆ ದಿನವೂ ಓಡಾಡುವ ಈ ವಾಹನದ ಮೂಲ ಟಯರುಗಳು ಸವೆದಾಗ ಮಾಲೀಕರ ಮುಂದೆ ಒಂದು ಸಲಹೆ ಬರುತ್ತದೆ: "ಹೇಗಿದ್ದರೂ ಬದಲಾಯಿಸುತ್ತೀರಿ, ಒಂದು ಅಳತೆ ದೊಡ್ಡದು ಹಾಕಿಸಿ, ಗಾಡಿ ಎತ್ತರವಾಗುತ್ತದೆ, ಹೆಚ್ಚು ಭಾರ ತಡೆಯುತ್ತದೆ, ನೋಡಲೂ ಚೆನ್ನ." ಈ ಸಲಹೆಯ ಮೂರು ಭಾಗಗಳಲ್ಲಿ ಕೊನೆಯದನ್ನು ಅವರವರ ಅಭಿರುಚಿಗೆ ಬಿಡಬಹುದು. ಮೊದಲಿನ ಎರಡನ್ನು ಮಾತ್ರ ಕಾಗದದ ಮೇಲೆ ಲೆಕ್ಕ ಹಾಕಿ ನೋಡುವುದು ಅವಶ್ಯ.

ಅಳತೆಯನ್ನು ಓದುವ ಬಗೆ

ಟಯರಿನ ಪಕ್ಕದ ಮೇಲೆ 215/75 ಆರ್ 15 ಎಂದು ಅಚ್ಚಾಗಿದ್ದರೆ, 215 ಎಂಬುದು ಮಿಲಿಮೀಟರುಗಳಲ್ಲಿ ಟಯರಿನ ಅಗಲ. 75 ಎಂಬುದು ಆ ಅಗಲದ ಪ್ರತಿಶತವಾಗಿ ಪಕ್ಕದ ಗೋಡೆಯ ಎತ್ತರ. 15 ಎಂಬುದು ಇಂಚುಗಳಲ್ಲಿ ರಿಮ್ಮಿನ ವ್ಯಾಸ. ಪಕ್ಕದ ಗೋಡೆ 161.25 ಮಿ.ಮೀ.; ಮೇಲೆ ಮತ್ತು ಕೆಳಗೆ ಸೇರಿ 322.5, ಇದಕ್ಕೆ ರಿಮ್ಮಿನ 381 ಮಿ.ಮೀ. ಕೂಡಿಸಿದರೆ ಒಟ್ಟು ವ್ಯಾಸ 703.5 ಮಿ.ಮೀ. ಇದರ ಬದಲು 235/75 ಆರ್ 15 ಹಾಕಿದರೆ ವ್ಯಾಸ 733.5 ಮಿ.ಮೀ. ಆಗುತ್ತದೆ. ವ್ಯತ್ಯಾಸ 30 ಮಿ.ಮೀ., ಅಂದರೆ ಶೇಕಡ 4.26.

ಈ 30 ಮಿ.ಮೀ.ನಲ್ಲಿ ವಾಹನ ಮೇಲೇರುವುದು ಅರ್ಧ ಮಾತ್ರ. ಅಚ್ಚು ಚಕ್ರದ ನಡುವೆ ಇರುವುದರಿಂದ ನೆಲದಿಂದ ಅದರ ಎತ್ತರ 15 ಮಿ.ಮೀ.ನಷ್ಟೇ ಹೆಚ್ಚುತ್ತದೆ. ಉಳಿದ 15 ಮಿ.ಮೀ. ಮಡ್‌ಗಾರ್ಡಿನ ಒಳಗಿನ ಖಾಲಿ ಜಾಗವನ್ನು ತಿನ್ನುತ್ತದೆ. ಸಸ್ಪೆನ್ಷನ್ ಎತ್ತರಿಸದೆ, ಕಂಪನಿ ಕೊಟ್ಟ ಎತ್ತರದಲ್ಲಿಯೇ ಇರುವ ವಾಹನಕ್ಕೆ ಈ ಖಾಲಿ ಜಾಗವೇ ಮುಖ್ಯ ಬಂಡವಾಳ. ಖಾಲಿ ಗಾಡಿ ಅಂಗಡಿಯ ಮುಂದೆ ನಿಂತಿರುವಾಗ ಎಲ್ಲವೂ ಸರಿಯಾಗಿ ಕೂತಂತೆ ಕಾಣುತ್ತದೆ. ಪೂರ್ತಿ ಸರಕು ಹೇರಿ, ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ, ಒಂದು ಚಕ್ರ ಗುಂಡಿಗೆ ಇಳಿದಾಗ ಟಯರು ಮಡ್‌ಗಾರ್ಡಿಗೋ ಚಾಸಿಗೋ ತಾಗುತ್ತದೆಯೇ ಎಂಬುದು ಅಂಗಡಿಯಲ್ಲಿ ತಿಳಿಯುವುದಿಲ್ಲ. ಆದುದರಿಂದ ಹಣ ಕೊಡುವ ಮೊದಲು ಮುಂದಿನ ಎರಡು ಚಕ್ರಗಳಿಗೆ ಮಾತ್ರ ಹೊಸ ಟಯರು ತೊಡಿಸಿ, ಭಾರ ಹೇರಿ, ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡುವ ಷರತ್ತನ್ನು ವ್ಯಾಪಾರಿಯೊಡನೆ ಮಾಡಿಕೊಳ್ಳುವುದು ಒಳಿತು.

ಟಯರ್ ವೃತ್ತಿಯವರಲ್ಲಿ ಒಟ್ಟು ವ್ಯಾಸದ ಬದಲಾವಣೆ ಶೇಕಡ 3ನ್ನು ಮೀರಬಾರದೆಂಬ ರೂಢಿ ಇದೆ. ಮೇಲಿನ ಉದಾಹರಣೆಯೇ ಆ ಗಡಿಯನ್ನು ದಾಟಿದೆ. ಇನ್ನು ಯುವಕರು ಬಯಸುವ 31 ಇಂಚಿನ ಟಯರಿನ ವ್ಯಾಸ ಸುಮಾರು 787 ಮಿ.ಮೀ.; ಮೂಲಕ್ಕಿಂತ ಶೇಕಡ 12ರಷ್ಟು ಹೆಚ್ಚು. ಎಂಜಿನ್, ಗೇರು ಅವೇ ಇರುವಾಗ ಚಕ್ರವೊಂದೇ ಇಷ್ಟು ದೊಡ್ಡದಾದರೆ ರಸ್ತೆಯ ಮೇಲೆ ದೊರೆಯುವ ಎಳೆತ ಸುಮಾರು ಶೇಕಡ 10ರಿಂದ 11ರಷ್ಟು ಕುಗ್ಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಇದು ಗಮನಕ್ಕೆ ಬಾರದಿರಬಹುದು. ಭಾರ ಹೇರಿಕೊಂಡು ಶಿರಾಡಿ ಅಥವಾ ಚಾರ್ಮಾಡಿ ಘಾಟಿಯನ್ನು ಹತ್ತುವಾಗ ಚಾಲಕನು ಒಂದು ಗೇರು ಕೆಳಗೆ ಇಳಿಸಬೇಕಾಗುತ್ತದೆ, ಕ್ಲಚ್ ಬೇಗ ಸವೆಯುತ್ತದೆ. ಇಳಿಜಾರಿನಲ್ಲಿ ಸ್ಥಿತಿ ಇನ್ನೂ ಗಂಭೀರ: ಅದೇ ದೂರದಲ್ಲಿ ನಿಲ್ಲಿಸಲು ಬ್ರೇಕು ಶೇಕಡ 12ರಷ್ಟು ಹೆಚ್ಚು ಬಲ ಒದಗಿಸಬೇಕು. ಬ್ರೇಕನ್ನು ಯಾರೂ ದೊಡ್ಡದು ಮಾಡಿಸಿರುವುದಿಲ್ಲ.

ದೊಡ್ಡ ಟಯರ್ ಹೆಚ್ಚು ಭಾರ ತಡೆಯುತ್ತದೆಯೇ?

ತಡೆಯಲೇಬೇಕೆಂದಿಲ್ಲ. ವರ್ತಕರು ಮೋಸಹೋಗುವ ಸ್ಥಳ ಇದೇ. ಟಯರು ಎಷ್ಟು ಭಾರ ಹೊರಬಲ್ಲದೆಂಬುದನ್ನು ಅದರ ಗಾತ್ರ ಹೇಳುವುದಿಲ್ಲ. ಅಳತೆಯ ಮುಂದೆ ಅಚ್ಚಾಗಿರುವ ಲೋಡ್ ಇಂಡೆಕ್ಸ್ ಸಂಖ್ಯೆ ಹೇಳುತ್ತದೆ. 100 ಎಂದರೆ ಒಂದು ಟಯರಿಗೆ 800 ಕಿಲೋ, 104 ಎಂದರೆ 900 ಕಿಲೋ, 109 ಎಂದರೆ 1,030 ಕಿಲೋ, 112 ಎಂದರೆ 1,120 ಕಿಲೋ. 104/101 ಎಂದು ಎರಡು ಸಂಖ್ಯೆಗಳಿದ್ದರೆ ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಜೋಡಿ ಚಕ್ರಕ್ಕೆ ಅನ್ವಯ.

ಸರಕು ತುಂಬಿದಾಗ ಹಿಂದಿನ ಅಚ್ಚಿನ ಮೇಲೆ 1,900 ಕಿಲೋ ಬೀಳುವ ಪಿಕಪ್ ಒಂದನ್ನು ಊಹಿಸಿಕೊಳ್ಳೋಣ. ಹಿಂದಿನ ಪ್ರತಿ ಟಯರಿಗೆ 950 ಕಿಲೋ. ಸರಕು ವಾಹನಕ್ಕೆಂದೇ ಗಟ್ಟಿಯಾಗಿ ಕಟ್ಟಿದ ಸಣ್ಣ ಟಯರು ಇದನ್ನು ಸುಲಭವಾಗಿ ಹೊರುತ್ತದೆ. ಅದನ್ನು ತೆಗೆದು, ನೋಡಲು ಭರ್ಜರಿಯಾದ, ಅಗಲವಾದ, ಆದರೆ 104 ಇಂಡೆಕ್ಸ್ ಇರುವ ಟಯರನ್ನು ಹಾಕಿದರೆ ಮಾಲೀಕರು ಹಣ ಕೊಟ್ಟು 50 ಕಿಲೋ ಸಾಮರ್ಥ್ಯವನ್ನು ಕಳೆದುಕೊಂಡಂತಾಯಿತು. ಬೇಸಿಗೆಯ ಕಾದ ರಸ್ತೆಯಲ್ಲಿ, ಗಾಳಿಯೂ ಸ್ವಲ್ಪ ಕಡಿಮೆ ಇದ್ದಲ್ಲಿ, ಅಂತಹ ಟಯರು ಒಡೆಯುವುದಕ್ಕೆ ಬೇರೆ ಕಾರಣ ಬೇಕಿಲ್ಲ. ಟಯರು ಕೊಳ್ಳುವ ಮೊದಲು ತುಂಬಿದ ವಾಹನದ ಹಿಂದಿನ ಚಕ್ರಗಳನ್ನು ಮಾತ್ರ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಗಿಸಿದರೆ ನಿಜವಾದ ಸಂಖ್ಯೆ ಕೈಗೆ ಸಿಗುತ್ತದೆ. ಇದಕ್ಕೆ ತಗಲುವ ಖರ್ಚು ಅತ್ಯಲ್ಪ.

ಅಲಾಯ್ ರಿಮ್ಮಿಗೂ ಇದೇ ಮಾತು ಅನ್ವಯಿಸುತ್ತದೆ. ಒಳ್ಳೆಯ ರಿಮ್ಮಿನ ಮೇಲೆ ಅದು ಹೊರುವ ಗರಿಷ್ಠ ಭಾರ ಅಚ್ಚಾಗಿರುತ್ತದೆ. ಅಚ್ಚಿಲ್ಲದ ರಿಮ್ಮನ್ನು ಸರಕು ವಾಹನಕ್ಕೆ ಹಾಕದಿರುವುದೇ ಲೇಸು. ಕಾರಿಗೆಂದು ತಯಾರಾದ ರಿಮ್ಮು ಸ್ಟಡ್ಡುಗಳಿಗೆ ಸರಿಯಾಗಿ ಕೂತರೂ ಗಾಡಿಯ ಭಾರಕ್ಕೆ ಸರಿಹೋಗುತ್ತದೆಂದು ಅರ್ಥವಲ್ಲ. ನಡುವಿನ ರಂಧ್ರವೂ ಹಬ್ಬಿಗೆ ಬಿಗಿಯಾಗಿ ಹೊಂದಬೇಕು.

ರಿಮ್ಮಿನ ಆಫ್‌ಸೆಟ್ ಎಂಬ ಇನ್ನೊಂದು ಸಂಖ್ಯೆ ಇದೆ. ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ತಾಗುವ ಮುಖ ಎಷ್ಟು ದೂರದಲ್ಲಿದೆ ಎಂಬುದೇ ಇದು. 6 ಇಂಚು ಅಗಲದ, 40 ಮಿ.ಮೀ. ಆಫ್‌ಸೆಟ್ ಇರುವ ರಿಮ್ಮಿನ ಜಾಗದಲ್ಲಿ 8 ಇಂಚು ಅಗಲದ, ಸೊನ್ನೆ ಆಫ್‌ಸೆಟ್ಟಿನ ರಿಮ್ಮನ್ನು ಹಾಕಿದರೆ ಹೊರಗಿನ ಅಂಚು 65 ಮಿ.ಮೀ.ಗೂ ಹೆಚ್ಚು ಹೊರಕ್ಕೆ ಚಾಚುತ್ತದೆ. ಗಾಡಿ ಅಗಲವಾಗಿ ಕಾಣುತ್ತದೆ ನಿಜ. ಆದರೆ ಬೇರಿಂಗಿನ ಮೇಲೆ ಭಾರ ಬೀಳುವ ಸ್ಥಾನ ಬದಲಾಗಿ ಬೇರಿಂಗು ಬೇಗ ಸವೆಯುತ್ತದೆ, ಸ್ಟೀರಿಂಗು ಗುಂಡಿಗಳಲ್ಲಿ ಎಳೆಯುತ್ತದೆ, ಕೆಸರು ಹಿಂದಿನ ವಾಹನದ ಗಾಜಿಗೆ ಎರಚುತ್ತದೆ.

ದೊಡ್ಡ ರಿಮ್ಮು ಬೇಕೇ ಬೇಕೆನ್ನುವವರಿಗೆ ತಯಾರಕರೇ ತೋರಿಸಿರುವ ದಾರಿ ಇದೆ. ಟೊಯೋಟಾ ಹೈಲಕ್ಸ್ ಪಿಕಪ್ಪನ್ನು ಹೊರದೇಶಗಳಲ್ಲಿ 265/65 ಆರ್ 17 ಅಳತೆಯಲ್ಲಿಯೂ 265/60 ಆರ್ 18 ಅಳತೆಯಲ್ಲಿಯೂ ಮಾರಲಾಗಿದೆ. ಮೊದಲನೆಯದರ ವ್ಯಾಸ 776.3 ಮಿ.ಮೀ., ಎರಡನೆಯದರದು 775.2 ಮಿ.ಮೀ. ರಿಮ್ಮು ಒಂದು ಇಂಚು ಬೆಳೆದರೂ ಪಕ್ಕದ ಗೋಡೆ ಕುಗ್ಗಿದುದರಿಂದ ಒಟ್ಟು ವ್ಯಾಸ ಸ್ವಸ್ಥಾನದಲ್ಲಿಯೇ ಉಳಿಯಿತು. ಗೇರು, ಬ್ರೇಕು, ಮೀಟರು ಯಾವುದಕ್ಕೂ ತೊಂದರೆಯಿಲ್ಲ. ಗಿಡ್ಡ ಗೋಡೆಯ ಟಯರು ಗುಂಡಿಯ ಏಟನ್ನು ನೇರವಾಗಿ ರಿಮ್ಮಿಗೆ ದಾಟಿಸುತ್ತದೆ ಎಂಬುದನ್ನು ಮಾತ್ರ ನಮ್ಮ ರಸ್ತೆಗಳಲ್ಲಿ ಮರೆಯುವಂತಿಲ್ಲ.

ಕಿಲೋಮೀಟರ್ ಲೆಕ್ಕದಲ್ಲಿ ಸೋರಿಕೆ

ಓಡೋಮೀಟರು ದೂರವನ್ನು ಅಳೆಯುವುದು ಚಕ್ರದ ಸುತ್ತುಗಳನ್ನು ಎಣಿಸಿ. ಚಕ್ರ ದೊಡ್ಡದಾದರೆ ಸುತ್ತುಗಳು ಕಡಿಮೆ, ದಾಖಲಾಗುವ ದೂರವೂ ಕಡಿಮೆ. ಕಿಲೋಮೀಟರಿಗೆ ಇಂತಿಷ್ಟು ಎಂಬ ದರದಲ್ಲಿ ಪಿಕಪ್ಪನ್ನು ಬಾಡಿಗೆಗೆ ಬಿಡುವವರಿಗೆ ಇದು ನೇರ ನಷ್ಟ. ವಾಹನ ತಿಂಗಳಿಗೆ ನಿಜವಾಗಿ 3,000 ಕಿ.ಮೀ. ಓಡಿದೆ ಎನ್ನೋಣ. ಶೇಕಡ 4.26 ದೊಡ್ಡದಾದ ಟಯರಿನೊಡನೆ ಮೀಟರು 2,877 ಕಿ.ಮೀ. ಮಾತ್ರ ತೋರಿಸುತ್ತದೆ. ಕಿಲೋಮೀಟರಿಗೆ 18 ರೂಪಾಯಿ ದರವಿದ್ದರೆ 123 ಕಿ.ಮೀ.ಗೆ ತಿಂಗಳಿಗೆ 2,214 ರೂಪಾಯಿ, ವರ್ಷಕ್ಕೆ 26,568 ರೂಪಾಯಿ ಬಿಲ್ಲಿಗೆ ಬಾರದೆ ಹೋಗುತ್ತದೆ. ಈ ಮೊತ್ತ ಯಾವ ಖಾತೆಯಲ್ಲಿಯೂ ಖರ್ಚಾಗಿ ಕಾಣಿಸಿಕೊಳ್ಳುವುದಿಲ್ಲ. ಆದುದರಿಂದ ಯಾರೂ ಅದನ್ನು ಹುಡುಕುವುದೂ ಇಲ್ಲ.

ಇದೇ ಕಾರಣದಿಂದ ಚಾಲಕನ ಮೇಲೆ ಅನ್ಯಾಯವಾದ ಅನುಮಾನವೂ ಹುಟ್ಟಬಹುದು. ಲೀಟರಿಗೆ 12 ಕಿ.ಮೀ. ಕೊಡುತ್ತಿದ್ದ ಗಾಡಿ ಅಷ್ಟೇ ಡೀಸೆಲ್ಲಿಗೆ ಅಷ್ಟೇ ದೂರ ಓಡಿದರೂ ಪುಸ್ತಕದಲ್ಲಿ 11.5 ಎಂದು ಕಾಣುತ್ತದೆ. ಮಾಲೀಕರು ಡೀಸೆಲ್ ಕಳ್ಳತನವೆಂದು ಭಾವಿಸುವ ಮೊದಲು ಮೀಟರಿನ ಓದನ್ನು 1.0426ರಿಂದ ಗುಣಿಸಿ ನೋಡಬೇಕು. ಭಾರವಾದ ಟಯರಿನಿಂದ ನಿಜವಾಗಿಯೂ ಸ್ವಲ್ಪ ಹೆಚ್ಚು ಡೀಸೆಲ್ ಸುಡುತ್ತದೆ. ಅದು ಬೇರೆ ಲೆಕ್ಕ. ಸರ್ವೀಸಿನ ಅವಧಿಯೂ ಹೀಗೆಯೇ ಜಾರುತ್ತದೆ: ಮೀಟರು 10,000 ತೋರಿಸುವಾಗ ಗಾಡಿ 10,426 ಕಿ.ಮೀ. ಓಡಿರುತ್ತದೆ.

ಕಾನೂನು, ವಿಮೆ, ತೆರಿಗೆ

ಮೋಟಾರು ವಾಹನ ಅಧಿನಿಯಮ, 1988ರ 52ನೆಯ ಕಲಮಿನಂತೆ ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದುದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಸರಕು ಸಾಗಣೆ ವಾಹನಗಳ ನೋಂದಣಿ ನಮೂನೆಯಲ್ಲಿ ಪ್ರತಿ ಅಚ್ಚಿನ ಟಯರುಗಳ ಸಂಖ್ಯೆ ಮತ್ತು ಅಳತೆಗೆ ಪ್ರತ್ಯೇಕ ಕಲಂ ಇದೆಯೆಂಬುದನ್ನು ಹಲವರು ಗಮನಿಸಿರುವುದಿಲ್ಲ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ವಾಹನ ಎಫ್.ಸಿ.ಗೆ ಹೋದಾಗ ಪ್ರಶ್ನೆ ಏಳುವುದಂತೂ ಸಹಜ. ತಯಾರಕರು ಅದೇ ಮಾದರಿಯ ವಾಹನಕ್ಕೆ ಒಪ್ಪಿರುವ ಅಳತೆಯನ್ನೇ ಆರಿಸಿ, ಡೀಲರಿಂದ ಲಿಖಿತವಾಗಿ ಪಡೆದು, ನೋಂದಣಿ ಪ್ರಾಧಿಕಾರದಲ್ಲಿ ವಿಚಾರಿಸಿಕೊಂಡ ಮೇಲೆಯೇ ಮುಂದುವರಿಯುವುದು ಸರಿಯಾದ ಕ್ರಮ.

ವಿಮಾ ಕಂಪನಿಗೆ ತಿಳಿಸದ ಮಾರ್ಪಾಟು ಸ್ವಂತ ಹಾನಿಯ ಕ್ಲೇಮಿಗೆ ಅಡ್ಡಿಯಾಗಬಲ್ಲದು. ಹತ್ತಾರು ಸಾವಿರದ ಅಲಂಕಾರಕ್ಕಾಗಿ ಲಕ್ಷಗಳ ಕ್ಲೇಮನ್ನು ಪಣಕ್ಕಿಡುವುದು ಯಾವ ವ್ಯಾಪಾರವೂ ಅಲ್ಲ.

ಹೊಸ ಟಯರುಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡ 28ರಿಂದ 18ಕ್ಕೆ ಇಳಿದಿದೆ. ನೋಂದಾಯಿತ ವರ್ತಕರು ಕಾಂಪೊಸಿಷನ್ ಯೋಜನೆಯಲ್ಲಿ ಇಲ್ಲದಿದ್ದರೆ, ವ್ಯವಹಾರದ ಸರಕು ವಾಹನಕ್ಕೆ ಕೊಂಡ ಟಯರಿನ ತೆರಿಗೆಗೆ ಹೂಡುವಳಿ ಜಮೆಯನ್ನು ಪಡೆಯಬಹುದು; ಬಿಲ್ಲಿನಲ್ಲಿ ತಮ್ಮ ಜಿ.ಎಸ್.ಟಿ. ಸಂಖ್ಯೆ ಇರುವಂತೆ ನೋಡಿಕೊಳ್ಳಬೇಕು. ಆದಾಯ ತೆರಿಗೆಯಲ್ಲಿ ಸವೆದ ಟಯರಿನ ಜಾಗಕ್ಕೆ ಅದೇ ಬಗೆಯ ಟಯರು ಹಾಕಿದ ಖರ್ಚು ದುರಸ್ತಿಯೆಂದು ಸುಲಭವಾಗಿ ಒಪ್ಪಿತವಾಗುತ್ತದೆ. ಇನ್ನೂ ಬಾಳಿಕೆ ಇದ್ದ ಚಕ್ರಗಳನ್ನು ತೆಗೆದು ಅಲಾಯ್ ರಿಮ್ಮು ಸಹಿತ ದೊಡ್ಡ ಟಯರು ಹಾಕಿದರೆ ಅದು ಬಂಡವಾಳ ವೆಚ್ಚವಲ್ಲವೇ, ವ್ಯವಹಾರಕ್ಕೆ ಅದರ ಅಗತ್ಯವೇನಿತ್ತು ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು.

ಇಷ್ಟೆಲ್ಲ ನೋಡಿಯೂ ದೊಡ್ಡ ಅಳತೆಗೆ ಹೋಗುವವರು ಸ್ಟೆಪ್ನಿಯ ಬೆಲೆಯನ್ನೂ ಸೇರಿಸಿ ಐದು ಟಯರುಗಳ ಲೆಕ್ಕ ಹಾಕಬೇಕು. ಹಿಂದಿನ ಅಚ್ಚಿನಲ್ಲಿ ಒಂದು ದೊಡ್ಡದು, ಒಂದು ಹಳೆಯ ಸಣ್ಣದು ಇಟ್ಟುಕೊಂಡು ದೂರ ಓಡಿಸಿದರೆ ಡಿಫರೆನ್ಷಿಯಲ್ ಹಾಳಾಗುತ್ತದೆ. ಟಯರಿನ ಮೇಲೆ ಐ.ಎಸ್.ಐ. ಗುರುತು ಮತ್ತು ತಯಾರಿಕೆಯ ವಾರ, ವರ್ಷ ಸೂಚಿಸುವ ನಾಲ್ಕು ಅಂಕಿಗಳನ್ನು ನೋಡಿಯೇ ಕೊಳ್ಳಬೇಕು. 2324 ಎಂದಿದ್ದರೆ 2024ರ 23ನೆಯ ವಾರದ್ದು. ಗಾಳಿಯನ್ನು ಬಾಗಿಲಿನ ಪಕ್ಕದ ಹಳೆಯ ಚೀಟಿಯಂತೆ ತುಂಬದೆ, ಹೊಸ ಟಯರಿನ ತಯಾರಕರು ಭಾರಕ್ಕೆ ತಕ್ಕಂತೆ ಕೊಟ್ಟಿರುವ ಪಟ್ಟಿಯನ್ನು ಅನುಸರಿಸಬೇಕು. ಮೊದಲ ನೂರು ಕಿಲೋಮೀಟರು ಓಡಿದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿ, ಟಯರು ಬದಲಾಯಿಸಿದ ದಿನಾಂಕ, ಅಂದಿನ ಮೀಟರ್ ಓದು ಮತ್ತು ತಿದ್ದುಪಡಿಯ ಗುಣಕವನ್ನು ವಾಹನದ ಲಾಗ್ ಪುಸ್ತಕದಲ್ಲಿ ಬರೆದಿಡಬೇಕು.